ಸುಟ್ಟ ತಂತಿಯ ಎಣಿಕೆ

ತರಬೇತಿ ಸಂಸ್ಥೆಯೊಂದರಲ್ಲಿ ಮೋಟಾರ್ ವೈಂಡಿಂಗ್, ಅಂದರೆ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ಕೆಲಸ, ಕಲಿಸಿ ನಿವೃತ್ತನಾದವನು ನಾನು. ಗಂಟೆ ಹೊಡೆಯುವ ಮೊದಲೇ ತರಗತಿಯ ಬಾಗಿಲಲ್ಲಿ ನಿಲ್ಲುವ ಅಭ್ಯಾಸ ಇನ್ನೂ ಬಿಟ್ಟಿಲ್ಲ. ಯಾವ ತಾಲೂಕಿನಲ್ಲಿ ಯಾವ ಕೆಲಸ ಬಲ್ಲವರ ಕೊರತೆಯಿದೆ, ಎಲ್ಲಿ ಯಾವ ತರಬೇತಿ ಬೇಕು ಎಂದು ಯೋಜನೆ ಮಾಡುವ ಸಮಿತಿಗೆ ನನ್ನನ್ನು ಕರೆದಾಗ, ಕಮಲಾಪುರವನ್ನು ನೋಡಿ ಬರುವ ಕೆಲಸ ನನ್ನ ಪಾಲಿಗೆ ಬಂತು.

ಅಲ್ಲಿ ಬಸ್ ನಿಲ್ದಾಣದ ಹತ್ತಿರ ವೈಂಡಿಂಗ್ ಅಂಗಡಿಯೊಂದಕ್ಕೆ ಬೀಗ ಬಿದ್ದಿತ್ತು. ವಿಚಾರಿಸಿದಾಗ ಹೆಣ್ಣುಮಗಳೊಬ್ಬಳು ಬಂದು ಬಾಗಿಲು ತೆಗೆದಳು. ಅಲ್ಲಿ ಕೆಲಸ ಮಾಡುತ್ತಿದ್ದ ಅವಳ ಗಂಡ ತೀರಿಕೊಂಡಿದ್ದ. ಕಾಯಿಲ್ ಸುತ್ತುವ ಯಂತ್ರದ ಮೇಲೆ ಹಳೆಯ ಚಾದರ ಹೊದಿಸಿತ್ತು. ತರಬೇತಿಯ ಯೋಜನೆಗಾಗಿ ಬಂದಿದ್ದೇನೆ ಎಂದು ಹೇಳಿದೆ.

“ಇಲ್ಲೇ ಕಲಸ್ತೀರಂದ್ರ ಕಲೀತೀನ್ರಿ ಸರ್. ದಿನಾ ಕಲಬುರಗಿಗಿ ಬರಲಾಕ ಆಗಲ್ರಿ, ಅತ್ತಿ ಹಾಸಿಗಿ ಹಿಡ್ದಾರ. ಯುಗಾದಿ ಒಳಗ ಕೆಲಸ ಬರಲಾಕ ಹತ್ತಿದ್ರ ಅಂಗಡಿ ನಿಂದೇ, ಇಲ್ಲಂದ್ರ ಬ್ಯಾರೇದವ್ರಿಗಿ ಕೊಡ್ತೀನಿ ಅಂದಾರ ಮಾಲಕರು.”

ಅಷ್ಟರಲ್ಲಿ ಸುಟ್ಟ ಪಂಪಿನ ಮೋಟಾರು ಹೇರಿಕೊಂಡ ಆಟೋ ಒಂದು ನಿಂತಿತು. ಅದರಲ್ಲಿದ್ದ ಮುದುಕ ರೈತನನ್ನು ಅವಳು ಮಾತಾಡಿಸಿದಳು.

“ಎಲ್ಲಿಗಿ ಕಾಕಾ?”

“ಕಲಬುರಗಿಗಿ. ನಿನ್ನ ಗಂಡ ಇದ್ದಾಗ ಇಲ್ಲೇ ಇಳಸ್ತಿದ್ದೆ. ಈಗ ಮೋಟಾರಿಗಿ ಸುದ್ದಾ ಜಗತ್ ಸರ್ಕಲ್ ತೋರಿಸ್ಕೊಂಡು ಬರಬೇಕಾಗ್ಯದ!”

ಅವಳು ನಗಲಿಲ್ಲ.

ಕಲಬುರಗಿಯ ಐವಾನ್-ಎ-ಶಾಹಿ ಅತಿಥಿಗೃಹದಲ್ಲಿ ನಡೆದ ಸಮಿತಿಯ ಸಭೆಯಲ್ಲಿ ಕಮಲಾಪುರದ ಸರದಿ ಬಂದಾಗ ಅಧಿಕಾರಿಯೊಬ್ಬರು ಕೇಳಿದರು: “ಅಲ್ಲಿ ಒಂದೂ ವೈಂಡಿಂಗ್ ಅಂಗಡಿ ನಡೀಲಾಕತ್ತಿಲ್ಲ. ಅಂದ್ಮ್ಯಾಲ ಬೇಡಿಕೆ ಎಲ್ಲದ ಸರ್?”

“ಅಂಗಡಿ ಮುಚ್ಚ್ಯದಂದ್ರ ಕೆಲಸ ಇಲ್ಲಂತಲ್ರಿ, ಮಾಡೋರು ಇಲ್ಲಂತ. ಸುಟ್ಟ ಮೋಟಾರು ಇಲ್ಲಿಗೇ ಬರ್ತಾವ, ಅದಕ್ಕ ಅಲ್ಲಿ ಕಾಣಂಗಿಲ್ಲ,” ಎಂದೆ.

ಬೇಳೆ ಮಿಲ್ಲಿನ ಮಾಲೀಕರೊಬ್ಬರು ನಡುವೆ ಬಾಯಿ ಹಾಕಿದರು: “ಮಾಸ್ತರ, ನಮ್ಮ ಮಿಲ್ಲಿಗೇ ಹುಡುಗ್ರು ಸಿಗವಲ್ರು. ಮದಲ ಶಹರದಾಗ ಶುರು ಮಾಡ್ರಿ.”

ಅವರ ಮಾತು ಸುಳ್ಳೇನೂ ಅಲ್ಲ. ತರಬೇತಿ ಮೊದಲು ನಗರದಲ್ಲಿ, ಕಮಲಾಪುರಕ್ಕೆ ಎರಡನೇ ಹಂತದಲ್ಲಿ ಎಂದು ತೀರ್ಮಾನವಾಯಿತು. ಆಮೇಲೆ ಚಹಾ ಬಂತು.

ಅವಳಿಗೆ ವಿಷಯ ತಿಳಿಸಲು ನಾನೇ ಕಮಲಾಪುರಕ್ಕೆ ಹೋದೆ. ಅಂದು ಅಲ್ಲಿ ಸಂತೆ.

“ಎರಡನೇ ಹಂತ ಅಂದ್ರ ಯುಗಾದಿ ಒಳಗೇನ್ರಿ?”

“ಇಲ್ಲಮ್ಮ.”

ಅವಳು ಯಂತ್ರದ ಮೇಲೆ ಚಾದರ ಎಳೆಯತೊಡಗಿದಳು. ನನಗೆ ನಿಂತು ನೋಡಲಾಗಲಿಲ್ಲ. ಮೂಲೆಯಲ್ಲಿ ಅವಳ ಗಂಡ ಬಿಚ್ಚದೆ ಬಿಟ್ಟುಹೋದ ಸುಟ್ಟ ಮೋಟಾರೊಂದಿತ್ತು. ಅದನ್ನು ಬಿಚ್ಚಲು ಹೇಳಿದೆ. ಅವಳು ಉಳಿ ಹಿಡಿದು ಕರಕಲಾದ ತಂತಿಯನ್ನು ಒಮ್ಮೆಗೇ ಕಿತ್ತು ತೆಗೆಯಲು ಹೋದಳು.

“ತಡಿ. ಮದಲ ಎಣಸು.”

“ಸುಟ್ಟಿದ್ದೇನು ಎಣಸೋದ್ರಿ?”

“ಹೊಸದು ಎಷ್ಟು ಸುತ್ತಬೇಕಂತ ಸುಟ್ಟಿದ್ದೇ ಹೇಳ್ತದ. ಎಣಸದೇ ಕಿತ್ತಿದ್ರ ಮುಗೀತು.”

ಹಾಗೆ ಹೇಳುವಾಗ ನನಗೆ ಸಭೆ ನೆನಪಾಯಿತು. ಮುಚ್ಚಿದ ಅಂಗಡಿಗಳನ್ನು ಅಲ್ಲಿ ಯಾರೂ ಎಣಿಸಿರಲಿಲ್ಲ.

ಅಂದಿನಿಂದ ಪ್ರತಿ ಸಂತೆಗೂ ಬೆಳಗಿನ ಬಸ್ಸಿಗೆ ಹೋದೆ. ಇರುವವಳು ಒಬ್ಬಳೇ ಆದರೂ ಹಾಜರಿ ಕರೆಯದೆ ಪಾಠ ಶುರು ಮಾಡುವುದು ನನ್ನಿಂದಾಗಲಿಲ್ಲ.

“ಹಾಜರ್ರಿ ಸರ್. ಉಳದವ್ರು ಗೈರುಹಾಜರಿ,” ಎನ್ನುತ್ತಿದ್ದಳು.

ಗಂಡನ ಆ ಮೋಟಾರು ಮೊದಲ ಸಲ ಸುತ್ತಿದಾಗ ಹೊಗೆಯಾಡಿತು. ಬಿಚ್ಚಿಸಿ ಮತ್ತೆ ಸುತ್ತಿಸಿದೆ. ಎರಡನೆಯ ಸಲ ತಿರುಗಿತು. ಅವಳು ಅದರ ಮೇಲೆ ಅಂಗೈ ಇಟ್ಟುಕೊಂಡು ಬಹಳ ಹೊತ್ತು ನಿಂತಿದ್ದಳು.

ಯುಗಾದಿ ಹತ್ತಿರ ಬಂದಾಗ ಒಂದು ಸಂತೆಯ ಮಧ್ಯಾಹ್ನ ಅದೇ ಮುದುಕನ ಆಟೋ ಅಂಗಡಿಯ ಮುಂದೆ ನಿಂತಿತು. ಈ ಸಲ ಮೋಟಾರು ಕೆಳಗಿಳಿಯಿತು. ಎದುರಿನ ಕಟ್ಟೆಯ ಮೇಲೆ ಕುಳಿತು ಅಂಗಡಿಯ ಮಾಲೀಕ ನೋಡುತ್ತಿದ್ದ.

“ಕೆಡಸಬ್ಯಾಡ ತಂಗಿ.”

“ಮಾಸ್ತರ್ ಇದ್ದಾರಲ್ಲ ಕಾಕಾ.”

“ಮಾಸ್ತರ್ ಬಸ್ ಹತ್ತಿ ಹೋಗ್ತಾರ. ಮೋಟಾರ್ ನಿನ್ನ ಕೈಯಾಗ ಉಳೀತದ.”

ಅಷ್ಟು ಹೇಳಿ ಆತ ಸಂತೆಯ ಕಡೆ ನಡೆದ. ಅವಳು ಮೋಟಾರು ಬಿಚ್ಚಿ, ನಾನು ಹೇಳುವ ಮೊದಲೇ ಸುಟ್ಟ ತಂತಿಯನ್ನು ಎಣಿಸತೊಡಗಿದಳು. ನನ್ನ ಬಸ್ಸು ಬಂತು, ಹಾರ್ನ್ ಮಾಡಿತು, ಹೋಯಿತು. ಎಣಿಕೆ ಮುಗಿಯುವ ತನಕ ನಾನು ಏಳಲಿಲ್ಲ.