ಗ್ಯಾಸ್‌ಲೈಟು ಪುಟ್ಟಮಾದಯ್ಯ

ನಮ್ಮ ಕೌದಳ್ಳಿಯ ನಾಟಕಗಳಿಗೆ ದೀಪ ನೋಡಿಕೊಳ್ಳುತ್ತಿದ್ದ ಪುಟ್ಟಮಾದಯ್ಯನ ಪ್ರಕಾರ ರಾಕ್ಷಸನನ್ನು ಹೆರುವುದೇ ಗ್ಯಾಸ್‌ಲೈಟು. ರಾಕ್ಷಸನ ಪಾತ್ರದ ಶಿವಯ್ಯ ಕೋಳಿ ಕೂಗಿದರೂ ಬೆಚ್ಚುವ ಆಸಾಮಿ. ಕರಿಕಂಬಳಿ ಹೊದಿಸಿ ಕೋರೆಹಲ್ಲು ಕಟ್ಟಿದರೂ ಜನ ನಗುತ್ತಿದ್ದರು. ಆದರೆ ಕಾಳಗ ಶುರುವಾಗಿ ಪರದೆಯ ಹಿಂದೆ ತಗಡು ಗುಡುಗುತ್ತಲೇ ಪುಟ್ಟಮಾದಯ್ಯ ದೀಪವನ್ನು ಶಿವಯ್ಯನ ಕಾಲ ಬಳಿ ಇಳಿಸುತ್ತಿದ್ದ. ಕಣ್ಣು ಗುಳಿಬಿದ್ದು, ನೆರಳು ಪರದೆ ಮೀರಿ ಏಳುತ್ತಿತ್ತು. ಶಿವಯ್ಯನ ಹೆಂಡತಿಯೇ ಚೀರುತ್ತಿದ್ದಳು. “ಬೆಳಕು ಮೇಲಿದ್ರೆ ದ್ಯಾವ್ರು, ಕೆಳಗಿದ್ರೆ ರಾಕ್ಸಸ ಕಣ್ಲಾ” ಎಂದು ಪುಟ್ಟಮಾದಯ್ಯ ಮೀಸೆ ತೀಡುತ್ತಿದ್ದ. ಇವನ ಹೆಂಡತಿ ರುದ್ರಾಣಿ ಸತ್ತಾಗ, ಗೋಡೆಗೆ ಒರಗಿಸಿ ಕೂರಿಸಿದ ಹೆಣದ ಮುಂದೆ ಪದ್ಧತಿಯಂತೆ ನೆಲದ ಮೇಲೆ ದೀಪ ಹಚ್ಚಿಟ್ಟರು. ಪುಟ್ಟಮಾದಯ್ಯ ಅವಳ ಗುಳಿಬಿದ್ದ ಕಣ್ಣು, ಗೋಡೆಯ ಮೇಲೆದ್ದ ನೆರಳು ನೋಡಿದ. “ನನ್ನೆಂಡ್ತಿ ಇಂಗಿರ್ಲಿಲ್ಲ ಕಣ್ರಪ್ಪ” ಎಂದು ದೀಪ ಮೇಲೆತ್ತಿ ಹಿಡಿದವನು, ಹೆಣ ಎತ್ತುವವರೆಗೂ ಕೈ ಇಳಿಸಲಿಲ್ಲ.