ಬೀಗಲ್ ಮರಿ ಗೂಡು ಸೇರಿದ ದಿನ

ಬಾಗಿಲು ತೆರೆದಿದ್ದ ಕಬ್ಬಿಣದ ಗೂಡಿನೊಳಕ್ಕೆ ಬೀಗಲ್ ಮರಿ ತಾನಾಗಿಯೇ ನಡೆದು ಹೋಗಿ, ನಾನು ಹಾಸಿದ್ದ ಗೋಣಿಯ ಮೇಲೆ ಸುರುಳಿ ಸುತ್ತಿ ಮಲಗಿತು. ಅಲ್ಲಿಯವರೆಗೂ ಗೂಡು ಕಂಡರೆ ಊಳಿಡುತ್ತಿದ್ದ ಬೇಟೆ ತಳಿಯ ನಾಯಿಮರಿ ಅದು. ನಾವು ಮೊದಲಾಳಿ ಎಂದು ಕರೆಯುವ, ಕಲ್ಲೂರಿನ ಕಾಫಿ ತೋಟದ ಮಾಲೀಕರು ವರಾಂಡದ ಕುರ್ಚಿಯಲ್ಲೇ ಕೂತು ನಕ್ಕು, ಮಲಯಾಳ ಬೆರೆಸಿದ ಕನ್ನಡದಲ್ಲಿ ಮಗಳನ್ನು ಕರೆಯುವಂತೆ ಅಂದರು.

"ನಾ ಹೇಳ್ಳಿಲ್ವಾ? ಬೇಟೆನಾಯಿ ಪಳಗ್ಸೋದು ನಿಮ್ಮ ಕಾಡುಜನಕ್ಕೆ ರಕ್ತದಲ್ಲೇ ಬಂದದೆ ಕಣೇ ಮೋಳೇ."

"ನಮ್ಮೋರು ಜೇನು ಕೊಯ್ಯೋರು ಮೊದಲಾಳಿ. ನಮ್ಮನೇಲಿ ನಾಯೇ ಇಲ್ಲ. ಇದನ್ನ ನಾ ಫೋನಲ್ಲಿ ನೋಡಿ ಕಲ್ತೆ," ಎಂದೆ. ಊಟ ಗೂಡಿನೊಳಗೇ ಇಡಬೇಕು, ಶಿಕ್ಷೆಗೆಂದು ಅದರಲ್ಲಿ ಕೂಡಿಹಾಕಬಾರದು, ಹೆದರಿಕೆ ಹೋಗುವವರೆಗೆ ಬಾಗಿಲು ಹಾಕಬಾರದು. ಎಲ್ಲವನ್ನೂ ಪರೀಕ್ಷೆಗೆ ಓದುವಂತೆ ಓದಿಕೊಂಡಿದ್ದೆ. ಅವರು ಕೇಳಿಸಿಕೊಳ್ಳಲಿಲ್ಲ.

ನಾನು ಅಲ್ಲಿಗೆ ಹೋಗಿದ್ದೇ ತೋಟದ ಆಫೀಸಿನಲ್ಲಿ ಕೆಲಸ ಕೇಳಲು. ನಮ್ಮ ಹಾಡಿಯಲ್ಲಿ ಬಿ.ಕಾಂ. ಮುಗಿಸಿದ ಮೊದಲನೆಯವಳು ನಾನು. "ಮೊದ್ಲು ಮರಿ ಪಳಗ್ಸು, ಆಮೇಲೆ ನೋಡೋಣ" ಎಂದಿದ್ದರು. ಮರಿ ಪಳಗಿತಲ್ಲ, ಹಾಗಾಗಿ ಆಫೀಸಿನ ಕೆಲಸದ ಮಾತು ತೆಗೆದೆ.

"ಅದಕ್ಕೆ ಆಳು ಬಂದಾಯ್ತಲ್ಲ. ನೀ ದಿನಾ ಇದನ್ನ ನೋಡ್ಕಳಕ್ಕೆ ಬಾ. ಇದೂ ಒಂದು ಜೋಲಿನೇ, ಕೆಲ್ಸಾನೇ ಅಲ್ವಾ?"

ಮರುದಿನದಿಂದ ನಾನು ಹೋಗಲಿಲ್ಲ. ಮರಿ ನನ್ನನ್ನು ಹುಡುಕಿರಬಹುದು ಎಂಬ ಸಂಕಟ ಇದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಈಗ ಯಾರಾದರೂ ನನ್ನ ಕೆಲಸ ಹೊಗಳಿದರೆ ಖುಷಿಯಾಗುವುದಿಲ್ಲ. ಇವರು ನನ್ನಲ್ಲಿ ಯಾರನ್ನು ಕಂಡು ಹೊಗಳುತ್ತಿದ್ದಾರೆ ಎಂದು ಮುಖ ನೋಡುತ್ತೇನೆ.