ಹೊಸಲು ದಾಟಿದ ಸೋಫಾ

ನಮ್ಮ ಹಾಲ್‌ನಲ್ಲಿದ್ದ ರೆಕ್ಸಿನ್ ಸೋಫಾ ಮೂರನೇ ವರ್ಷಕ್ಕೇ ಸಿಪ್ಪೆ ಬಿಡತೊಡಗಿತ್ತು. ಕೂತು ಎದ್ದವರ ಬೆನ್ನಿಗೆಲ್ಲ ಕಂದು ಚೂರು. ಒಂದು ಸಲ ಮಾಗಡಿಯಿಂದ ಬಂದಿದ್ದ ಬೀಗಿತ್ತಿ ಹೊರಡುವಾಗ ಬಾಗಿಲಲ್ಲಿ ನಿಂತು ರೇಷ್ಮೆ ಸೀರೆ ಕೊಡವಿಕೊಂಡರು. ಅವತ್ತು ನನಗಾದದ್ದೇ ನಾಚಿಕೆ ಅಂದುಕೊಂಡಿದ್ದೆ. ಅದು ಏನೂ ಅಲ್ಲ ಅಂತ ಹೊಸ ಸೋಫಾ ಬಂದ ಮೇಲೆ ಗೊತ್ತಾಯಿತು.

"ಈ ಸಲ ತೊಗಲಿಂದೇ ತರಣ. ಮೂಲೆ ಸೋಫಾ. ಎಲ್ರೂ ಒಟ್ಗೇ ಕೂತ್ಕಬೋದು" ಅಂದರು ನಮ್ಮ ಯಜಮಾನರು.

ಅತ್ತೆ ಹೂ ಕಟ್ಟುತ್ತಿದ್ದವರು ತಲೆ ಎತ್ತಿದರು. "ದೇವ್ರ ಕ್ವಾಣೆ ಎದ್ರುಗೆ ತೊಗಲು ತಂದು ಮಡಗ್ತೀಯೇನ್ಲಾ?"

"ಶಿವ ಯಾತರ ಮ್ಯಾಲೆ ಕೂತವ್ನೆ ಹೇಳವ್ವ? ಹುಲಿ ಚರ್ಮದ ಮ್ಯಾಲೇ ಅಲ್ವಾ?"

"ಅವ್ನು ಶಿವ ಕಣ್ಲಾ, ತಪಸ್ಸಿಗೆ ಕೂತವ್ನೆ. ನೀನು ಟಿ.ವಿ. ನೋಡಕ್ಕೆ ಕೂರೋನು."

ನನಗೂ ಮನಸ್ಸು ತಡೆಯಲಿಲ್ಲ. ಸೋಮವಾರ ದೇವಸ್ಥಾನದಲ್ಲಿ ಅರ್ಚಕರನ್ನು ಕೇಳಿದೆ. ಅವರು ನಕ್ಕು, "ಇಲ್ಲಿ ಬಾರಿಸೋ ನಗಾರಿಗೂ ಚರ್ಮವೇ ಅಲ್ವೇನಮ್ಮ ಇರೋದು? ಮನೆಗೆ ಬಂದ ದಿನ ಒಂದಿಷ್ಟು ತೀರ್ಥ ಚಿಮುಕಿಸಿ, ಸಾಕು" ಅಂದರು. ಇಷ್ಟು ಸುಲಭದ ದಾರಿ ತೋರಿಸಿದ ದೇವರಿಗೆ ಅಲ್ಲೇ ಕೈ ಮುಗಿದೆ.

ಆದರೆ ಅಸಲಿ ತೊಗಲು ಯಾವುದು, ನಕಲಿ ಯಾವುದು ಅಂತ ಗುರುತು ಹಿಡಿಯುವವರು ಯಾರು? ಆಗ ನನಗೆ ನೆನಪಾದವಳು ನಮ್ಮ ರೇಷ್ಮೆ ಹುಳು ಮನೆಗೆ ಕೆಲಸಕ್ಕೆ ಬರುವವಳು.

ಅವಳ ವಿಷಯ ಹೇಳಬೇಕು. ನನ್ನದೇ ವಯಸ್ಸು. ಕೈಲಾಂಚದ ಹತ್ತಿರದ ನಮ್ಮೂರಿಗೆ ನಾನು ಮದುವೆಯಾಗಿ ಬಂದ ವರ್ಷವೇ ಅವಳೂ ಕೋಡಿಹಳ್ಳಿ ಕಡೆಯಿಂದ ಸೊಸೆಯಾಗಿ ಬಂದವಳು. ಅವಳಪ್ಪ ಮೆಟ್ಟು ಹೊಲಿಯುತ್ತಿದ್ದರಂತೆ, ಬಾವಿಯಿಂದ ನೀರೆತ್ತುವ ಕಪಿಲೆಗೆ ತೊಗಲಿನ ಹಗ್ಗ, ಮಿಣಿ, ಮಾಡಿಕೊಡುತ್ತಿದ್ದರಂತೆ. ಅವಳ ಮನೆ ಇರುವುದು ನಮ್ಮೂರ ಕೆಳಗಿನ ಕೇರಿಯಲ್ಲಿ. ಆ ಕೇರಿಯವರು ನಮ್ಮಂಥವರ ಮನೆ ಹೊಸಲು ದಾಟುವುದಿಲ್ಲ. ದಾಟುವುದಿಲ್ಲ ಅಂತ ಬರೆದೆ, ನಾವು ದಾಟಿಸಿಕೊಂಡಿಲ್ಲ ಅಂತ ಬರೆಯಬೇಕಿತ್ತು.

ಹಾಗಂತ ಹುಳು ಮನೆಗೆ ಮೊದಲು ಕಾಲಿಡುವವಳು ಅವಳೇ. ರೇಷ್ಮೆ ಹುಳು ಸಾಕುವ ಆ ಮನೆಗೆ ಇರುವಷ್ಟು ಮಡಿ ನನ್ನ ದೇವರ ಕೋಣೆಗೂ ಇಲ್ಲ. ಕೈಕಾಲು ತೊಳೆಯದೆ ಹೋಗುವಂತಿಲ್ಲ, ಹೊರಗಿನವರನ್ನು ಬಿಡುವಂತಿಲ್ಲ. ಮರಿ ಹುಳು ತಂದ ದಿನ ಅವಳ ಕೈಯಿಂದಲೇ ಮೊದಲ ಹಿಪ್ಪುನೇರಳೆ ಸೊಪ್ಪು ಹಾಕಿಸುತ್ತೇವೆ, ಅವಳ ಕೈಗುಣ ಒಳ್ಳೆಯದು ಅಂತ. ಕೆಲಸ ಮುಗಿಸಿ ಬಂದರೆ ಮಾತ್ರ ಜಗಲಿ. ಕಿಟಕಿ ಕಟ್ಟೆಯ ಮೇಲೆ ಅವಳ ಸ್ಟೀಲ್ ಲೋಟ ಇರುತ್ತದೆ. ನಾನು ಮೇಲಿಂದ ಟೀ ಸುರಿಯುತ್ತೇನೆ, ಅವಳು ಕುಡಿದು ತೊಳೆದು ಅಲ್ಲೇ ಕವುಚಿ ಇಡುತ್ತಾಳೆ. ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸುತ್ತಾಳೆ, ನಾನು ಅವಳನ್ನು ಏಕವಚನದಲ್ಲಿ. ಇಷ್ಟು ವರ್ಷ ಇದರಲ್ಲಿ ನನಗೆ ಏನೂ ಚುಚ್ಚಿರಲಿಲ್ಲ.

"ತೊಗಲು ನೋಡಕ್ಕೆ ಬತ್ತೀಯೇನಮ್ಮಿ, ರಾಮನಗರಕ್ಕೆ?" ಅಂದೆ.

"ಬತ್ತೀನಿ ಕಣಮ್ಮೋರೆ. ಮೂಸಿದ್ರೇ ಗೊತ್ತಾಯ್ತದೆ ನಂಗೆ" ಅಂದಳು. ಮಾರನೆಯ ದಿನ ಹಬ್ಬಕ್ಕೆ ಇಟ್ಟಿದ್ದ ಸೀರೆ ಉಟ್ಟು ಬಂದಳು.

ಅಂಗಡಿಯವರು ಗಡ್ಡ ಬೆಳ್ಳಗಾದ ಸಾಬರು, ಒಳ್ಳೆಯ ಮಾತಿನವರು. "ಬನ್ನಿ ಅಮ್ಮ, ನಿಂತ್ಕಂಡು ಸೋಫಾ ನೋಡಬಾರ್ದು, ಕೂತ್ಕಂಡು ನೋಡ್ಬೇಕು" ಅಂತ ಇಬ್ಬರನ್ನೂ ಕೂರಿಸಿದರು. ಯಜಮಾನರು ಹೊರಗೆ ಫೋನಿನಲ್ಲಿದ್ದರು. ನಾವಿಬ್ಬರೂ ಒಂದೇ ಸೋಫಾದ ಮೇಲೆ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತೆವು. ಹೀಗೆ ಕೂತದ್ದು ಅದೇ ಮೊದಲು. ಅವಳು ಒಂದು ಸಲ ಮೆಲ್ಲಗೆ ಮೇಲೆ ಕೆಳಗೆ ಕುಣಿದು ನಕ್ಕಳು. ನಾನೂ ನಕ್ಕೆ.

"ಇಬ್ರೂ ಅಕ್ಕ ತಂಗೀರಾ?" ಅಂದರು ಅಂಗಡಿಯವರು.

"ಇಲ್ಲ ಇಲ್ಲ, ನಮ್ಮ ಹುಳು ಮನೆ ಕೆಲ್ಸಕ್ಕೆ ಬರೋಳು." ನನ್ನ ಬಾಯಿಂದ ಅದು ಥಟ್ಟನೆ ಬಂತು. ಅವಳು ಎದ್ದು ನಿಂತಳು. ಮತ್ತೆ ಕೂರಲಿಲ್ಲ.

ಆದರೂ ಬಂದ ಕೆಲಸ ಬಿಡಲಿಲ್ಲ. ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೆರಿಗೆ ಏಳುತ್ತದೆಯೇ ಅಂತ ನೋಡಿದಳು, ಬಗ್ಗಿ ಮೂಸಿದಳು, ಹೊಲಿಗೆಯ ಅಡಿಗೆ ಬೆರಳು ತೂರಿಸಿದಳು. ಒಂದು ಕಪ್ಪು ಸೋಫಾದ ಬೆನ್ನು ತಟ್ಟಿ, "ಸಾಬ್ರೇ, ಇದು ಕೂರೋ ಕಡೆ ಮಾತ್ರ ತೊಗಲು. ಬೆನ್ನೆಲ್ಲ ರೆಕ್ಸಿನ್ನು. ಮುಂದ್ಗಡೆ ಮದ್ವೆ ಗಂಡು, ಹಿಂದ್ಗಡೆ ಬ್ಯಾರೆಯೋನಾ?" ಅಂದಳು.

ಅವರು ಕಿವಿ ಹಿಡಿದುಕೊಂಡು ನಕ್ಕರು. "ಎಲ್ಲ ಕಂಪನಿಯೋರೂ ಹಿಂಗೇ ಮಾಡೋದಮ್ಮ. ಪೂರ್ತಿ ತೊಗಲಿಂದು ಅಂದ್ರೆ ಅಗೋ, ಆ ಕಂದು ಬಣ್ಣದ್ದು."

ಅವಳು ಅದರ ಮೇಲೆ ಅಂಗೈ ಆಡಿಸಿದಳು. "ಇದು ಸರಿಯಾಗಿ ಹದ ಮಾಡಿರೋ ತೊಗಲು. ನಮ್ಮಪ್ಪ ಇದ್ದಿದ್ರೆ ಇದ್ರಲ್ಲಿ ಊರಿಗೆಲ್ಲ ಮೆಟ್ಟು ಹೊಲ್ದ್‌ಬುಡೋನು."

ಅದನ್ನೇ ಗೊತ್ತು ಮಾಡಿದೆವು. ಕೊನೆಗೆ ಅಂಗಡಿಯವರು, ಮೂಲೆ ಎಡಕ್ಕೆ ಬರಬೇಕೋ ಬಲಕ್ಕೋ ಅಂತ ಕೇಳಿದರು. ಹಾಗೆ ಎರಡು ತರ ಬರುತ್ತದಂತೆ. ನಾನು "ಎಡಕ್ಕೆ" ಅಂದುಬಿಟ್ಟೆ.

"ಅಲ್ಲ ಕಣಮ್ಮೋರೆ" ಅಂದಳು ಅವಳು. "ಎಡಕ್ಕೆ ಬಂದ್ರೆ ದೇವ್ರ ಕ್ವಾಣೆ ಬಾಗ್ಲು ಪೂರ್ತಿ ತೆರೆಯಾಕಿಲ್ಲ, ತಡೀತದೆ. ಬಲಕ್ಕೆ ಬರ್ಬೇಕು. ಆ ಕಡೆ ಗೋಡೆ ಖಾಲಿ ಐತಲ್ಲ, ಕ್ಯಾಲೆಂಡರ್ ಇರೋದು."

"ನಿಂಗೆಂಗೆ ಗೊತ್ತು?" ಅಂದೆ.

"ಟೀ ಕುಡೀತಾ ಕಿಟಕೀಲಿ ನೋಡ್ತಿರ್ತೀನಲ್ಲ, ಇಷ್ಟು ವರ್ಸದಿಂದ" ಅಂದಳು. ಕೊಂಕಿಲ್ಲ, ಏನಿಲ್ಲ. ಕೇಳಿದ್ದಕ್ಕೆ ಹೇಳಿದಳು ಅಷ್ಟೆ. ದಿನಕ್ಕೆ ಎರಡು ಹೊತ್ತು ಆ ಬಾಗಿಲು ತೆಗೆದು ದೀಪ ಹಚ್ಚುವವಳು ನಾನು. ಅದು ಯಾವ ಕಡೆಗೆ ತೆರೆಯುತ್ತದೆ ಅಂತ ನೆನಪಿದ್ದದ್ದು ಅವಳಿಗೆ.

ಶುಕ್ರವಾರ ಟೆಂಪೋದಲ್ಲಿ ಸೋಫಾ ಬಂತು. ಅತ್ತೆ ಹೊಸಲಿನಲ್ಲೇ ತಡೆದು ತೀರ್ಥ ಚಿಮುಕಿಸಿದರು. ಆಮೇಲೆ ಒಳಗಿಟ್ಟು ಕುಂಕುಮ ಇಟ್ಟೆವು, ಊದುಬತ್ತಿ ಬೆಳಗಿದೆವು. ಬಲಗಡೆ ಮೂಲೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ತಲೆ ಎತ್ತಿದರೆ ಅವಳು ಕಿಟಕಿಯ ಸರಳು ಹಿಡಿದು ನಿಂತಿದ್ದಳು.

"ಚೆನ್ನಾಗಿ ಕೂತ್ಕಂಡೈತೆ ಕಣಮ್ಮೋರೆ" ಅಂದಳು. ಆಮೇಲೆ ನಗುತ್ತಲೇ, "ತೊಗಲಿಗೆ ಒಳೀಕೆ ಬರಕ್ಕೆ ಒಸಿ ತೀರ್ಥ ಸಾಕಾಯ್ತು, ಅಲ್ವಾ?" ಅಂದಳು.

ಅತ್ತೆಗೆ ಕೇಳಿಸಲಿಲ್ಲವೋ, ಕೇಳಿಸದ ಹಾಗೆ ಇದ್ದರೋ. ನನಗೆ ಕೇಳಿಸಿತು. ಊದುಬತ್ತಿ ಕೈಯಲ್ಲೇ ಇತ್ತು. ಅದನ್ನು ಸಿಕ್ಕಿಸಿ ಅಡುಗೆ ಮನೆಗೆ ಹೋಗಿ ಟೀ ಕಾಯಿಸಿದೆ, ಹೊರಗೆ ತಂದು ಎಂದಿನಂತೆ ಅವಳ ಲೋಟಕ್ಕೆ ಸುರಿದೆ. ಅಷ್ಟೆಲ್ಲ ಆದ ಮೇಲೂ ನಾನು ಮಾಡಿದ್ದು ಅದೇ.

ಮುಂದಿನ ವಾರ ಅತ್ತೆಯನ್ನು ಕರೆದುಕೊಂಡು ಯಜಮಾನರು ಕನಕಪುರದ ಆಸ್ಪತ್ರೆಗೆ ಹೋಗಿದ್ದರು. ಇದೇ ಸಮಯ ಅಂದುಕೊಂಡೆ. ಬಾಗಿಲಿಗೆ ಹೋಗಿ, "ಬಾ ಒಳೀಕೆ, ಯಾರೂ ಇಲ್ಲ. ನೀನೇ ಆರ್ಸಿದ್ದಲ್ವಾ, ಒಂದ್ಸಲ ಕೂತು ನೋಡು" ಅಂದೆ.

ಅವಳು ಸೊಪ್ಪಿನ ಹೊರೆ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರೂ ಇಲ್ದಾಗ ಕರೀಬ್ಯಾಡಿ ಅಮ್ಮೋರೆ. ಕದ್ದು ಒಳೀಕೆ ಬರಕ್ಕೆ ನಾನೇನು ಬೆಕ್ಕಾ? ಎಲ್ರೂ ಇದ್ದಾಗ ಕರೀರಿ, ಬತ್ತೀನಿ."

ನಾನು ದೊಡ್ಡ ಉಪಕಾರ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಆಮೇಲೆ ಮೂರು ದಿನ ದೀಪ ಹಚ್ಚಿ ದೇವರ ಮುಂದೆ ಕೂತರೆ ಕೇಳಿಕೊಳ್ಳಲು ಮಾತು ಬರುತ್ತಿರಲಿಲ್ಲ. ಕರೆಯುವುದಕ್ಕೆ ಧೈರ್ಯ ಕೊಡು ಅಂತ ಕೇಳಲೂ ನಾಚಿಕೆ. ಅದಕ್ಕೂ ದೇವರೇ ಬೇಕೇ?

ಭಾನುವಾರ ಎಲ್ಲರೂ ಇದ್ದರು. ಯಜಮಾನರು ಸೋಫಾದ ಮೇಲೆ ಕಾಲು ನೀಡಿದ್ದರು, ಅತ್ತೆ ಹೂ ಕಟ್ಟುತ್ತಿದ್ದರು. ಜಗಲಿಯಲ್ಲಿ ಅವಳ ಸದ್ದಾಯಿತು. ನಾನು ಹೊಸಲಲ್ಲಿ ನಿಂತು, ಒಳಗಿದ್ದವರಿಗೂ ಕೇಳುವ ಹಾಗೆ, "ಒಳಗೆ ಬನ್ನಿ" ಅಂದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ "ಬನ್ನಿ" ಅಂದಿದ್ದೆ.

ಅವಳು ನನ್ನ ಹೆಗಲ ಮೇಲಿಂದ ಒಳಗೆ ನೋಡಿದಳು. ಅತ್ತೆ ಹೂವಿನ ತಟ್ಟೆ ಎತ್ತಿಕೊಂಡು ದೇವರ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು. ಯಜಮಾನರು ನನ್ನನ್ನೊಮ್ಮೆ, ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ಕಾಲು ಮಡಚಿದರು. "ಬಾರಮ್ಮ, ನೀನು ಹೇಳ್ದಂಗೇ ಬಲಕ್ಕೇ ಹಾಕ್ಸಿವ್ನಿ ನೋಡು" ಅಂದರು. ಆ ಒಂದು ಮಾತಿಗೆ ನಾನು ಈಗಲೂ ದೇವರಿಗೆ ಕೈ ಮುಗಿಯುತ್ತೇನೆ.

ಕಾಲು ತೊಳೆದು ಬಂದಳು. ಮೂಲೆಯ ತುದಿಯಲ್ಲಿ, ಬೆನ್ನು ಆನಿಸದೆ, ಕೈ ಎರಡೂ ಮೊಣಕಾಲ ಮೇಲಿಟ್ಟು ಕೂತಳು. ನಾನು ಪಕ್ಕದಲ್ಲಿ ಕೂತೆ. ನಮ್ಮ ಮನೆಯ ಲೋಟದಲ್ಲಿ ಟೀ ಕೊಟ್ಟೆ. ಅಂಗಡಿಯಲ್ಲಿ ಕುಣಿದ ಹಾಗೆ ಕುಣಿಯಲಿಲ್ಲ, ನಗಲೂ ಇಲ್ಲ. ಬೇಗ ಬೇಗ ಕುಡಿದು, "ಸೊಪ್ಪು ಬಾಡ್ತದೆ, ಬತ್ತೀನಿ" ಅಂತ ಎದ್ದಳು.

ನಾನು ಕೈ ಚಾಚಿದರೂ ಲೋಟ ಕೊಡಲಿಲ್ಲ. ಹೊರಗೆ ಹೋಗಿ ನಲ್ಲಿಯಲ್ಲಿ ತೊಳೆದು, ಕಿಟಕಿ ಕಟ್ಟೆಯ ಮೇಲೆ ತನ್ನ ಲೋಟದ ಪಕ್ಕದಲ್ಲೇ ಕವುಚಿ ಇಟ್ಟು ಹೋದಳು. ಬೇಕೆಂದು ಮಾಡಿದಳೋ, ಕೈಗೆ ಅಭ್ಯಾಸವಾಗಿತ್ತೋ, ನಾನು ಕೇಳಿಲ್ಲ. ಅಭ್ಯಾಸ ಮಾಡಿಸಿದವಳು ನಾನೇ.

ಎರಡು ಲೋಟವನ್ನೂ ಒಳಗೆ ತಂದು ಉಳಿದ ಲೋಟಗಳ ಜೊತೆ ಇಟ್ಟೆ. ಅತ್ತೆ ಅವೆರಡನ್ನು ಗುರುತಿಟ್ಟುಕೊಂಡಿದ್ದಾರೆ, ಮುಟ್ಟುವುದಿಲ್ಲ. ನಾನು ಬೆಳಗಿನ ಕಾಫಿಯನ್ನು ಅವಳ ಲೋಟದಲ್ಲೇ ಕುಡಿಯುತ್ತೇನೆ. ಅದೇನು ದೊಡ್ಡದಲ್ಲ ಅಂತ ನನಗೂ ಗೊತ್ತು.